ಒಂದೇ ಬಾಯಿಯ ಮಕ್ಕಳು

ಜೋಳದ ತೆನೆ ಅಲ್ಲಾಡಿಸಬೇಡ ಅಂತ ಎಷ್ಟು ಸಲ ಹೇಳಬೇಕು, ನಿಂಗೀ? ಬೆಳಗಿನಿಂದ ಇದು ಐದನೆಯ ತೆನೆ! ಕೈಯೆಲ್ಲ ಹಳದಿ ಪುಡಿ. ಬಾ, ಅಜ್ಜಿಯ ಹತ್ತಿರ ಕೂತುಕೋ. ಆ ಪುಡಿಯ ಕತೆ ಹೇಳುತ್ತೇನೆ.

ಭೂಮಿಯ ಮಣ್ಣು ಇನ್ನೂ ಹೊಸದಾಗಿದ್ದ ಕಾಲ. ಮೊದಲ ಜೋಳ ಮೊದಲ ತೆನೆ ಬಿಟ್ಟಿತ್ತು. ಗಾಳಿ ಬಂದು ಹೇಳಿತು: "ಎಂಟು ದಿನಕ್ಕ ಬರ್ತೀನಿ. ಪುಡಿ ತಯಾರಿದ್ರ ಹೂವಿಗೆ ಮುಟ್ಟಸ್ತೀನಿ. ಇಲ್ಲಂದ್ರ ಕಾಳಿಲ್ಲ. ಕಾಳಿಲ್ಲಂದ್ರ ಮುಂದ ಜೋಳನ ಇಲ್ಲ."

ತೆನೆಗೆ ಜೋತುಬಿದ್ದ ಪುಡಿಯ ಪುಟ್ಟ ಚೀಲದೊಳಗೆ ಒಬ್ಬ ತಾಯಿ ಇದ್ದಳು. ಅವಳು ಎರಡಾದಳು, ಎರಡು ನಾಲ್ಕಾಯಿತು. ತಾಯಿ ಹೋಗಿ ನಾಲ್ಕು ಮಕ್ಕಳು ಉಳಿದರು, ಪುಡಿಯ ನಾಲ್ಕು ಕಣ. ಸಾಕುವ ಕೆಲಸ ತಾಯಿಯ ತಂಗಿ ಚಿಗವ್ವನ ತಲೆಗೆ ಬಂತು. ಚೀಲದ ಒಳಗೋಡೆಯೇ ಆ ಚಿಗವ್ವ.

ನಾಲ್ವರೂ ಒಂದೇ ಕೌದಿ ಹೊದ್ದಿದ್ದರು. ಮೈತುಂಬ ಬಾಯಿ. ಯಾಕೆ ಅಂತ ಕೇಳಬೇಡ, ಇತ್ತು ಅಂದರೆ ಇತ್ತು. ಒಂದು ಬಾಯಿ ಹಸಿವು ಅನ್ನುತ್ತಿತ್ತು, ಇನ್ನೊಂದು ಸೆಕೆ ಅನ್ನುತ್ತಿತ್ತು, ಮತ್ತೊಂದು ಇವಳು ಒದ್ದಳು ಅನ್ನುತ್ತಿತ್ತು. ಒಂದು ಬಾಯಿಗೆ ಉಣಿಸಿದ್ದು ಇನ್ನೊಂದರಿಂದ ಸೋರುತ್ತಿತ್ತು. ಐದು ದಿನ ಕಳೆದರೂ ಒಬ್ಬರೂ ಮೈ ತುಂಬಿಕೊಳ್ಳಲಿಲ್ಲ.

ಗಾಳಿ ಇಣುಕಿತು. "ಆತೇನು?"

"ಎಲ್ಲಿ ಆಗತೈತಿ!" ಚಿಗವ್ವ ರೇಗಿದಳು. "ನೀನರ ಬಂದು ಉಣಸು, ಗೊತ್ತಾಗತೈತಿ!"

ಆ ಸಿಟ್ಟಿನಲ್ಲೇ ಕೌದಿ ಕಿತ್ತೆಸೆದಳು. ನಾಲ್ವರನ್ನೂ ಬೇರೆ ಬೇರೆ ಕೂರಿಸಿದಳು. ಒಬ್ಬೊಬ್ಬರಿಗೂ ಗಟ್ಟಿ ಅಂಗಿ ತೊಡಿಸಿ, ಬಾಯಿಗಳನ್ನೆಲ್ಲ ಹೊಲಿದು, ಒಂದನ್ನು ಮಾತ್ರ ಬಿಟ್ಟಳು.

"ತಿರುಗ್ರಿ ಈ ಕಡೆ! ನನ್ನ ಕಡೆ!"

ತಿರುಗಿದರು. ಚಿಗವ್ವ ಉಣಿಸಿದಳು. ಇದ್ದ ಬುತ್ತಿಯೆಲ್ಲ ತೀರಿತು. ಮಕ್ಕಳು "ಇನ್ನಷ್ಟು" ಅಂದರು.

"ನಿಮ್ಮವು ಹೊಟ್ಟಿಯೋ, ಕಾಳು ತುಂಬೋ ಹಗೇವೋ?" ಎಂದು ಬೈಯುತ್ತಲೇ ತನ್ನ ಕೈ ಕರಗಿಸಿ ಉಣಿಸಿದಳು. ಬೈಯುತ್ತಲೇ ಮೈ ಕರಗಿಸಿ ಉಣಿಸಿದಳು.

ಎಂಟನೆಯ ದಿನ ಬೆಳಗ್ಗೆ ಚೀಲ ಬಿರಿಯಿತು. "ಆತೇನು?" ಎಂದಿತು ಗಾಳಿ.

ಬೈಯಲು ಯಾರೂ ಇರಲಿಲ್ಲ. ನಾಲ್ಕು ಮಕ್ಕಳು ದುಂಡಗೆ ತುಂಬಿಕೊಂಡು ಕೂತಿದ್ದರು. ಗಾಳಿಗೆ ಅಳು ಬಂತು. ಸದ್ದು ಮಾಡದೆ ಅವರನ್ನು ಎತ್ತಿಕೊಂಡು ಹೋಗಿ ಹೂವಿಗೆ ಮುಟ್ಟಿಸಿತು. ಆ ವರ್ಷ ತೆನೆಯ ತುಂಬ ಕಾಳು.

ಅದಕ್ಕೇ ನಿಂಗೀ, ಇಂದಿಗೂ ನಿನ್ನ ಕೈಯಲ್ಲಿರುವ ಆ ಪುಡಿಯ ಒಂದೊಂದು ಕಣಕ್ಕೂ ಒಂದೇ ಬಾಯಿ, ಮತ್ತು ತೆನೆಗೆ ಜೋತುಬಿದ್ದ ಆ ಚೀಲಗಳನ್ನು ಬಿಡಿಸಿ ನೋಡಿದರೆ ಒಳಗೆ ಯಾರೂ ಇಲ್ಲ.