ಹಿಂದಿನ ಗಾಜು

"ಬುದ್ಧಿ, ಗುರುಮಲ್ಲಯ್ಯನಿಗೆ ಇರುವ ಪುಣ್ಯ ನನಗೇಕಿಲ್ಲ?"

ಗುರುಗಳನ್ನು ಹೀಗೆ ಕೇಳಿದವನು ಕಪನಯ್ಯ, ಮಠದ ದಾಸೋಹದಲ್ಲಿ ಊಟ ಬಡಿಸುವ ಶಿಷ್ಯ. ಗುರುಮಲ್ಲಯ್ಯನೂ ಅಲ್ಲಿಯ ಶಿಷ್ಯನೇ. ಸ್ವಲ್ಪ ಸಿಡುಕ. ಆದರೆ ದಿನವೂ ಸಂಜೆ ಗದ್ದುಗೆಯ ಮುಂದೆ ಕುಳಿತು, ಆ ದಿನ ತಾನು ಮಾಡಿದ ತಪ್ಪನ್ನೆಲ್ಲ ಬಾಯಿಬಿಟ್ಟು ಹೇಳಿ ಕಣ್ಣೀರು ಹಾಕುತ್ತಿದ್ದ. ನೋಡಿದ ಭಕ್ತರು, ಇದ್ದರೆ ಹೀಗಿರಬೇಕು ಎನ್ನುತ್ತಿದ್ದರು. ಕಪನಯ್ಯನೂ ಹಾಗೆ ಕೂರತೊಡಗಿದ. ಹೇಳಿಕೊಳ್ಳಲು ಅವನಿಗೆ ಏನೂ ತೋಚಲಿಲ್ಲ.

"ಎಷ್ಟು ಹುಡುಕಿದರೂ ಒಂದು ತಪ್ಪೂ ಸಿಗುತ್ತಿಲ್ಲ ಬುದ್ಧಿ. ಉಂಡರೂ ಅದೇ ಯೋಚನೆ, ಮಲಗಿದರೂ ಅದೇ. ಆ ಯೋಚನೆಯಲ್ಲೇ ನೆನ್ನೆ ಒಬ್ಬ ಅಜ್ಜಿಯ ಎಲೆಗೆ ಅನ್ನ ಹಾಕದೆ ಮುಂದೆ ಹೋಗಿಬಿಟ್ಟೆ. ಪಂಕ್ತಿ ಎದ್ದರೂ ಅವರು ಬರಿ ಎಲೆಯ ಮುಂದೆ ಕೂತೇ ಇದ್ದರು. ಈ ಕೈ ಇನ್ನು ಬಡಿಸುವುದಕ್ಕೆ ಯೋಗ್ಯವಲ್ಲ. ಸೌಟನ್ನು ಬೇರೆಯವರಿಗೆ ಕೊಡಿಸಿ, ನಾನು ಊರಿಗೆ ಹೋಗುತ್ತೇನೆ."

ಗುರುಗಳು ಕೇಳಿದರು.

"ಮಠಕ್ಕೆ ಬರುವ ಕಾರುಗಳನ್ನು ನೋಡಿದ್ದೀಯಲ್ಲ. ಕೆಲವಕ್ಕೆ ಹಿಂದಿನ ಗಾಜಿಗೂ ವೈಪರ್ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಯಾಕೆ?"

"ಜಾಸ್ತಿ ದುಡ್ಡು ಕೊಟ್ಟವರಿಗೆ ಹಾಕಿಕೊಡುತ್ತಾರೇನೋ ಬುದ್ಧಿ."

"ಹಾಗೆಂದುಕೊಂಡ ಒಬ್ಬ ವರ್ತಕನಿದ್ದ," ಎಂದು ಗುರುಗಳು ಕತೆ ತೆಗೆದರು.

ಒಂದೇ ಬೀದಿಯಲ್ಲಿ ಇಬ್ಬರು ವರ್ತಕರಿದ್ದರು, ಸ್ನೇಹಿತರು. ಒಬ್ಬ ಬಟ್ಟೆಯವನು, ಒಬ್ಬ ಬೆಲ್ಲದವನು. ಬಟ್ಟೆಯವನ ಕಾರು ಮೋಟಾಗಿತ್ತು. ಹಿಂಭಾಗ ಗೋಡೆಯ ಹಾಗೆ ನೆಟ್ಟಗೆ. ಬೆಲ್ಲದವನ ಕಾರು ಉದ್ದ. ಹಿಂದಿನ ಗಾಜು ಇಳಿಜಾರಾಗಿ ಬಂದು ಡಿಕ್ಕಿಗೆ ಸೇರುತ್ತಿತ್ತು. ಗೋಡೆಯಂಥ ಬೆನ್ನಿನ ಹಿಂದೆ ಗಾಳಿ ಸುಳಿ ಸುತ್ತುತ್ತದೆ. ಕಾರಿನ ಚಕ್ರ ಎಬ್ಬಿಸಿದ ಧೂಳನ್ನು, ಕೆಸರನ್ನು ಅದರ ಗಾಜಿಗೇ ತಂದು ಬಡಿಯುತ್ತದೆ. ಇಳಿಜಾರಾದ ಗಾಜಿನ ಮೇಲೆ ಗಾಳಿ ಜಾರಿ ಹೋಗುತ್ತದೆ. ಹೋಗುವಾಗ ನೀರನ್ನೂ ಧೂಳನ್ನೂ ತಳ್ಳಿಕೊಂಡೇ ಹೋಗುತ್ತದೆ. ಅದು ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಒಂದೊಂದರ ಮೈಕಟ್ಟು ಹಾಗೆ.

ಇಬ್ಬರೂ ಜೊತೆಯಲ್ಲೇ ಸಂತೆಗಳಿಗೆ ಹೋಗುತ್ತಿದ್ದರು. ಬಟ್ಟೆಯವನು ಗುಂಡಿ ಒತ್ತಿದರೆ ಹಿಂದಿನ ವೈಪರ್ ಕೆಸರು ಒರೆಸುತ್ತಿತ್ತು. ಜನ ನಿಂತು ನೋಡುತ್ತಿದ್ದರು. "ಇದಕ್ಕೆ ಬೆನ್ನಲ್ಲೂ ರೆಪ್ಪೆ ಇದೆ ಕಣ್ರೋ!" ಎಂದು ನಗುತ್ತಿದ್ದರು. ಆಮೇಲೆ ಬೆಲ್ಲದವನ ಕಡೆ ತಿರುಗಿ, "ಏನ್ ಸಾವ್ಕಾರ್ರೇ, ಇಷ್ಟುದ್ದ ಗಾಡಿ ತಗೊಂಡು ಒಂದು ಕಡ್ಡಿಗೆ ಜಿಪುಣತನ ಮಾಡಿದ್ರಾ?" ಎನ್ನುತ್ತಿದ್ದರು. ಆ ಮಾತು ಅವನಿಗೆ ನಾಟಿತು. ತನಗೂ ಒಂದು ಹಾಕಿಸುತ್ತೇನೆಂದು ಹೊರಟ.

"ಅದಿಲ್ಲದಿದ್ದರೆ ನಾನು ಕುರುಡ, ಅದಕ್ಕೇ ಇಟ್ಟುಕೊಂಡಿದ್ದೇನೆ. ನಿನ್ನ ಗಾಜು ಫಳಫಳ ಅಂತಿದೆ, ನಿನಗ್ಯಾಕೋ?" ಎಂದ ಬಟ್ಟೆಯವನು.

"ಇದ್ದವರು ಹೇಳೋ ಮಾತೇ ಅದು," ಎಂದ ಬೆಲ್ಲದವನು.

ಗ್ಯಾರೇಜಿನಲ್ಲಿ ಡಿಕ್ಕಿಯ ಅಂಚಿಗೆ ಒಂದು ಮೋಟಾರು ಕೂರಿಸಿ ವೈಪರ್ ಹಾಕಿಸಿಕೊಂಡ. ಮಳೆ ಬಂದಾಗ ಆಡಿಸಿದ. ಮಳೆ ಇಲ್ಲದಾಗಲೂ ಆಡಿಸಿದ, ಜನ ನೋಡಬೇಕಲ್ಲ. ಒಣಗಿದ ರಬ್ಬರು, ಅದರ ಸಂದಿಯಲ್ಲಿ ಸಿಕ್ಕಿದ ಮರಳ ಹರಳು. ಗಾಜಿನ ಮೇಲೆ ಸಣ್ಣ ಗೀರು ಬಿದ್ದವು. ಕೊಳೆ ಇರಬೇಕೆಂದು ಇನ್ನಷ್ಟು ಒರೆಸಿದ. ಇನ್ನಷ್ಟು ಗೀರು ಬಿದ್ದವು.

ಒಂದು ಸಂಜೆ ತನ್ನ ಬೆಲ್ಲದ ಮಂಡಿಯ ಮುಂದೆ ಕಾರು ಹಿಂದಕ್ಕೆ ತೆಗೆಯುತ್ತಿದ್ದ. ಬಟ್ಟೆಯವನು ಹಿಂದೆ ನಿಂತು, "ಬರ್ಲಿ... ಬರ್ಲಿ..." ಎಂದು ಕೈಸನ್ನೆ ಮಾಡುತ್ತಿದ್ದ. ಆ ಹೊತ್ತಿಗೆ ಇಳಿಬಿಸಿಲು ಗಾಜಿಗೆ ಬಿತ್ತು. ಗೀರುಗಳೆಲ್ಲ ಹೊಳೆದು ಗಾಜಿಗೆ ಗಾಜೇ ಬೆಳ್ಳಗಾಯಿತು. ಸ್ನೇಹಿತ ಕಾಣಲಿಲ್ಲ. ಕೈ ಎತ್ತಿದ್ದೂ ಕಾಣಲಿಲ್ಲ. ಬೀದಿಯ ಗದ್ದಲದಲ್ಲಿ, ನಿಲ್ಲಿಸು ಎಂದು ಕೂಗಿದ್ದೂ ಕೇಳಲಿಲ್ಲ. ಮಂಡಿಯ ಕಲ್ಲುಕಂಬಕ್ಕೂ ಕಾರಿಗೂ ನಡುವೆ ಸ್ನೇಹಿತನ ಮೊಣಕಾಲು ಸಿಕ್ಕಿ ಪುಡಿಯಾಯಿತು. ಬಟ್ಟೆಯವನು ಮತ್ತೆ ಗಾಡಿ ಓಡಿಸಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಕಪನಯ್ಯನಿಗೆ ಅಜ್ಜಿಯ ಬರಿ ಎಲೆ ಕಣ್ಣಿಗೆ ಕಟ್ಟಿತು. ಆದರೂ ಎಲ್ಲೋ ಒಂದು ಕಡೆ ಸಮಾಧಾನವೂ ಆಯಿತು. ತನ್ನ ಗಾಜು ಚೊಕ್ಕಟವೇ ಇತ್ತು ಎಂದು ಗುರುಗಳೇ ಹೇಳಿದ ಹಾಗಾಯಿತಲ್ಲ! ಆ ಧೈರ್ಯದಲ್ಲಿ ಕೇಳಿದ: "ಕೊಳೆಯೇ ಹತ್ತದ ಗಾಜಿಗೆ ಆ ಪುಣ್ಯಾತ್ಮ ಯಾಕೆ ಅದನ್ನು ಹಾಕಿಸಿದ ಬುದ್ಧಿ?"

"ಪಕ್ಕದವನಿಗೆ ಇದ್ದದ್ದು ತನಗಿಲ್ಲವಲ್ಲ ಅಂತ. ನೀನು ಹುಡುಕುತ್ತಿದ್ದ ತಪ್ಪು ಅದೇ, ಕಪನಯ್ಯ."