ಕಣ್ಣಿಗೆ ಉಳಿ ಬಿದ್ದ ಹೊನ್ನು

“ದೇವರಿಗೆ ಹೆದರುವುದು ತಪ್ಪೇ, ಗುರುಗಳೇ?” ಎಂದು ಶಿಷ್ಯ ಕೇಳಿದ. ಊರಿನಲ್ಲಿ ಅವನ ತಾಯಿ ಜ್ವರದಿಂದ ಹಾಸಿಗೆ ಹಿಡಿದಿದ್ದಳು. ಯಾವುದೋ ಹರಕೆ ತಪ್ಪಿದ್ದಕ್ಕೇ ಹೀಗಾಯಿತೆಂದು ಅವನು ಮಠಕ್ಕೆ ಬಂದು ಉಪವಾಸ ಕೂತಿದ್ದ.

ಗುರು ಹೇಳಿದರು:

ಕಡಲ ದಂಡೆಯ ಪಟ್ಟಣದಲ್ಲಿ ಒಬ್ಬ ಅಕ್ಕಸಾಲಿಗನಿದ್ದ. ರೋಮ್ ನಾಡಿನ ಹಡಗುಗಳು ಮೆಣಸು ತುಂಬಿಕೊಂಡು ಹೊನ್ನಿನ ನಾಣ್ಯ ಸುರಿದು ಹೋಗುತ್ತಿದ್ದ ಕಾಲ ಅದು. ಪರದೇಶದ ನಾಣ್ಯ ಕೈಗೆ ಬಂದರೆ ಅದರ ಮೇಲಿನ ಮೋರೆಗೆ ಅಡ್ಡಲಾಗಿ ಉಳಿಯಿಂದ ಒಂದು ಗೀರು ಹಾಕುವುದು ಆ ಪೇಟೆಯ ವಾಡಿಕೆ. ಒಳಗೂ ಚಿನ್ನವೇ ಎಂದು ಗೊತ್ತಾಗುತ್ತಿತ್ತು. ಪರರಾಯನ ಆಣೆ ಇಲ್ಲಿ ನಡೆಯದೆಂದು ಸಾರಿದಂತೆಯೂ ಆಗುತ್ತಿತ್ತು.

ಒಂದು ದಿನ ವರ್ತಕನೊಬ್ಬ ತಂದ ನಾಣ್ಯಕ್ಕೆ ಅಕ್ಕಸಾಲಿಗ ಎಂದಿನಂತೆ ಉಳಿ ಇಟ್ಟು ಹೊಡೆದ. ಗೀರು ಮೋರೆಯ ಕಣ್ಣನ್ನೇ ಸೀಳಿತು. ಆಮೇಲೆ ನೋಡುತ್ತಾನೆ, ತಲೆಯ ಸುತ್ತ ಸೂರ್ಯನ ಕಿರಣಗಳು! ತಿರುಗಿಸಿದರೆ ಹೋಮದ ಬೆಂಕಿ, ಪಕ್ಕದಲ್ಲಿ ರೆಕ್ಕೆಯಿರುವ ಹೆಣ್ಣು. ಇದು ರಾಯನ ಮೋರೆಯಲ್ಲ, ಯಾವುದೋ ದೇವರದು ಎಂದುಕೊಂಡ. ಮನೆಗೆ ಹೋದರೆ ಮಗಳ ಕಣ್ಣು ಕೆಂಪಗೆ ಬಾತುಕೊಂಡಿತ್ತು.

ವರ್ತಕನಿಗೆ ತನ್ನ ಚಿನ್ನ ಕೊಟ್ಟು ಆ ನಾಣ್ಯವನ್ನು ಉಳಿಸಿಕೊಂಡ. ಮನೆಯ ಗೋಡೆಯ ಗೂಡಿನಲ್ಲಿಟ್ಟು ಹೂ ಮುಡಿಸಿ ದೀಪ ಹಚ್ಚಿದ. ಹೆಸರೇ ಗೊತ್ತಿಲ್ಲದ ದೇವರನ್ನು ಏನೆಂದು ಕರೆಯುವುದು? ಗೊತ್ತಿದ್ದ ಹೆಸರುಗಳನ್ನೆಲ್ಲ ಕರೆದ. ಮಗಳ ಕಣ್ಣಿನಲ್ಲಿ ಕೀವು ಕಟ್ಟಿತು. ಜ್ವರ ಏರಿತು.

“ಕೂಸಿನ ಮೈ ಕೆಂಡವಾಗಿದೆ. ವೈದ್ಯರನ್ನು ಕರೆತನ್ನಿ ಅಂದ್ರೆ!” ಎಂದಳು ಹೆಂಡತಿ.

“ಮೆಲ್ಲಗೆ ಮಾತಾಡೇ! ಗೂಡಿನಲ್ಲಿ ಕೂತವನು ಕೇಳಿಸಿಕೊಂಡಾನು. ತನ್ನನ್ನು ನಂಬಲಿಲ್ಲ ಅಂತ ಇನ್ನೊಂದು ಕಣ್ಣನ್ನೂ ಕಿತ್ತಾನು.”

ಮಗಳು ಒಳಗಿನಿಂದ “ಅಪ್ಪಾ, ಎಲ್ಲಿದ್ದೀಯಾ?” ಎಂದು ಕರೆಯುತ್ತಲೇ ಇದ್ದಳು. ಅವನು ನಾಣ್ಯದ ಮುಂದಿನಿಂದ ಏಳಲಿಲ್ಲ. ಎದ್ದು ಹೋದಾಗ ದೀಪ ಆರಿಬಿಟ್ಟರೆ?

ಹೀಗಿರುವಾಗ ರೋಮಿನ ನಾವಿಕನೊಬ್ಬ ಮುರಿದ ಉಂಗುರಕ್ಕೆ ಬೆಸುಗೆ ಹಾಕಿಸಿಕೊಳ್ಳಲು ಮನೆಗೇ ಬಂದ. ಹೂ ಮುಡಿದ ನಾಣ್ಯ ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕ.

“ಅಯ್ಯಾ, ಇವನು ನಮ್ಮ ಸತ್ತ ಅರಸ! ಹಗೆಗಳ ಹೆದರಿಕೆಯಿಂದ ಇವನಿಗೆ ನಿದ್ದೆಯೇ ಬರುತ್ತಿರಲಿಲ್ಲ. ಅದಕ್ಕೇ ತಲೆಗೆ ಸೂರ್ಯನನ್ನು, ಬೆನ್ನಿಗೆ ಗೆಲುವಿನ ದೇವಿಯನ್ನು ಅಚ್ಚು ಹಾಕಿಸಿಕೊಂಡ. ಕೊನೆಗೆ ಕಾವಲಿನವರೇ ಕಡಿದು ಹಾಕಿದರು. ನಿನ್ನ ಉಳಿ ಬಹಳ ತಡವಾಗಿ ಬಂತಪ್ಪ!”

ಅಕ್ಕಸಾಲಿಗ ನಗಲಿಲ್ಲ. ಎದ್ದು ಒಳಗೆ ಓಡಿದ. ಮಗಳು ಕರೆಯುವುದನ್ನು ನಿಲ್ಲಿಸಿದ್ದಳು.

ಗುರು ಕತೆಯನ್ನು ಅಲ್ಲಿಗೆ ಮುಗಿಸಿದರು.

ಶಿಷ್ಯ ಮುಂದೆ ಸರಿದು ಕೂತ. “ಮಗು ಬದುಕಿತೇ, ಗುರುಗಳೇ?”

“ಈಗಲೇ ಹೊರಟರೆ ಕತ್ತಲಾಗುವ ಮುಂಚೆ ನಿನ್ನ ಊರು ಮುಟ್ಟುತ್ತೀಯ” ಎಂದರು ಗುರು.