ಒಂದು ಗೇಣು ಎತ್ತರ

"ಬುದ್ಧಿ, ಕೇಳುವವರ ಮಟ್ಟಕ್ಕೆ ಮಾತನ್ನು ಇಳಿಸುವುದು ಸೋಲಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಊಟಕ್ಕೆ ಮುತ್ತುಗದ ಎಲೆ ಹಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

ಶಿಷ್ಯ ದೂರದೇಶದಲ್ಲಿ ಬಹಳ ಓದಿ ಬಂದವನು. ಮಠದಲ್ಲಿ ಸೋಮವಾರದ ಪ್ರವಚನ ಅವನದು. ಓದಲು ಹೋಗುವ ಮೊದಲು ಅವನು ಮಾತಿಗೆ ಕೂತರೆ ಅಂಗಳ ತುಂಬುತ್ತಿತ್ತು. ಜನ ತಮ್ಮ ಕಷ್ಟ ತಂದು ಅವನ ಮುಂದೆ ಇಡುತ್ತಿದ್ದರು. ಈಗ ಅವನ ಮಾತು ಬೆಳೆದಿತ್ತು. ಚಾಪೆಗಳು ಸುರುಳಿ ಬಿಚ್ಚದೆ ಮೂಲೆಯಲ್ಲಿ ನಿಂತಿದ್ದವು. ಕಳೆದ ಸೋಮವಾರ ಬಂದದ್ದು ಒಬ್ಬ ಮುದುಕ. ಅವನಿಗೆ ಕಿವಿ ಕೇಳುತ್ತಿರಲಿಲ್ಲ.

"ಇಲ್ಲಿಯ ಜನಕ್ಕೆ ನಾನು ಹೆಚ್ಚಾದೆ ಬುದ್ಧಿ. ದೊಡ್ಡ ಊರಿನ ಮಠದವರು ಕರೆದಿದ್ದಾರೆ. ಅಪ್ಪಣೆಯಾದರೆ ಹೊರಡುತ್ತೇನೆ."

"ಹೊರಡುವೆಯಂತೆ. ಕೂತುಕೋ," ಅಂದರು ಗುರುಗಳು. ಎಲೆ ಹಚ್ಚುತ್ತಲೇ ಈ ಕತೆ ಹೇಳಿದರು.

ಒಬ್ಬ ಹಣ್ಣಿನ ವ್ಯಾಪಾರಿ ಇದ್ದ. ಅವನಿಗೆ ಒಂದು ಪಿಕಪ್ ಗಾಡಿ ಇತ್ತು. ಸೀತಾಫಲದ ಕಾಲ ಬಂದರೆ ದಿನವೂ ಗಾಡಿಯನ್ನು ಬೆಟ್ಟದ ಬುಡಕ್ಕೆ ಒಯ್ದು ನಿಲ್ಲಿಸುತ್ತಿದ್ದ. ಹೆಂಗಸರು ಬೆಟ್ಟದ ಮೇಲೆ ಹಣ್ಣು ಕಿತ್ತು, ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ಇಳಿದು ಬರುತ್ತಿದ್ದರು. ಅವನ ವರ್ಷದ ಅನ್ನ ಆ ಬುಟ್ಟಿಗಳಲ್ಲಿತ್ತು.

ಬೆಟ್ಟದ ಬುಡದಲ್ಲಿ ಒಂದು ಹೊರೆಗಲ್ಲು ಇತ್ತು. ಎರಡು ಕಲ್ಲು ನೆಟ್ಟು ಮೇಲೆ ಹೆಂಗಸರ ಹೆಗಲಮಟ್ಟಕ್ಕೆ ಒಂದು ಚಪ್ಪಡಿ ಹಾಸಿದ್ದು. ತಲೆಹೊರೆ ಹೊತ್ತವರು ಯಾರ ಕೈಯ ಹಂಗೂ ಇಲ್ಲದೆ ಹೊರೆಯನ್ನು ಚಪ್ಪಡಿಯ ಮೇಲೆ ಜಾರಿಸಿ ಉಸಿರು ಬಿಡಬಹುದು. ಮತ್ತೆ ತಲೆ ಕೊಟ್ಟು ಹೊತ್ತುಕೊಳ್ಳಬಹುದು. ಹಿಂದೆ ಯಾವಳೋ ಬಸುರಿ ಹೊರೆ ಇಳಿಸಲು ಜಾಗ ಸಿಗದೆ ಆ ದಾರಿಯಲ್ಲೇ ಸತ್ತಳು. ಅವಳ ಗಂಡ ಆ ಕಲ್ಲು ನೆಟ್ಟ. ಇಬ್ಬರ ಹೆಸರೂ ಮರೆತುಹೋಗಿದೆ. ಕಲ್ಲು ಇದೆ.

ವ್ಯಾಪಾರಿ ಗಾಡಿ ಕೊಂಡ ಹೊಸತರಲ್ಲಿ ಅದನ್ನು ಹೊರೆಗಲ್ಲಿನ ಪಕ್ಕಕ್ಕೆ ತಂದು ನಿಲ್ಲಿಸಿದ್ದ. ಚಪ್ಪಡಿಯ ಮಟ್ಟ ನೋಡಿಕೊಂಡು ಗಾಡಿಯ ಬದಿಗೆ ಒಂದು ಅಗಲದ ಹಲಗೆ ಬಡಿಸಿದ್ದ. ಹೆಂಗಸರು ಹಲಗೆಯ ಬಳಿ ಬಂದು ಕತ್ತು ಬಾಗಿಸಿದರೆ ಬುಟ್ಟಿ ತಾನಾಗಿ ಅದರ ಮೇಲೆ ಜಾರುತ್ತಿತ್ತು. ಅವನು ಗಾಡಿಯೊಳಗೆ ನಿಂತು ಎಳೆದುಕೊಳ್ಳುತ್ತಿದ್ದ. ಸೀತಾಫಲ ಎತ್ತಿ ಹಾಕುವ ಹಣ್ಣಲ್ಲ. ತುಸು ಅದುರಿದರೂ ಬಾಯಿ ಬಿಡುತ್ತದೆ. ಅವನ ಗಾಡಿಗೆ ಹೋದ ಹಣ್ಣು ಒಡೆಯುತ್ತಿರಲಿಲ್ಲ. ಆದ್ದರಿಂದ ಹೆಂಗಸರು ಬೇರೆ ವ್ಯಾಪಾರಿಯನ್ನು ಹುಡುಕಿರಲಿಲ್ಲ.

ಅವನಿಗೆ ಇದ್ದದ್ದು ಒಂದೇ ಗೋಳು. ದಾರಿಯ ನಟ್ಟನಡುವೆ ಒಂದು ಬಂಡೆ ತಲೆ ಎತ್ತಿತ್ತು. ಹೋಗುವಾಗ ಬರುವಾಗ ಗಾಡಿಯ ಹೊಟ್ಟೆಗೆ ಬಡಿಯುತ್ತಿತ್ತು. ಆ ಸದ್ದು ಕೇಳಿದರೆ ವ್ಯಾಪಾರಿಗೆ ತನ್ನ ಹೊಟ್ಟೆಗೇ ಯಾರೋ ಗುದ್ದಿದ ಹಾಗೆ ಆಗುತ್ತಿತ್ತು.

ಹೆಂಗಸರಲ್ಲಿ ಹಿರಿಯಳು ಬೋರಜ್ಜಿ. ಅವಳು ಒಂದು ದಿನ ಹೇಳಿದಳು. "ನಾವು ನಾಕು ಜನ ಹಾರೆ ಹಿಡಿದ್ರೆ ಒಂದು ಹೊತ್ತಿನ ಕೆಲಸ ಸಾವ್ಕಾರ. ಕಿತ್ತು ಬಿಸಾಕಾನ. ನೀನೂ ಒಂದು ಕೈ ಹಾಕು."

"ಅದು ಬೆಟ್ಟದ ಬೇರು ಕಣಜ್ಜಿ. ನಿನ್ನ ಹಾರೆಗೆ ಬರುತ್ತಾ?" ಎಂದು ವ್ಯಾಪಾರಿ ನಕ್ಕ.

ಗಾಡಿ ಓಡಿಸುತ್ತ ಯೋಚಿಸಿದ. ಈ ಕಲ್ಲು ಕಿತ್ತರೆ ನಾಳೆ ಇನ್ನೊಂದು. ಎಷ್ಟು ಕೀಳುತ್ತ ಕೂರುವುದು? ತಾನೇ ಮೇಲೆದ್ದರೆ ಎಲ್ಲ ಕಲ್ಲೂ ಕೆಳಗೇ ಬಿದ್ದಿರುತ್ತವೆ.

ಪಟ್ಟಣದ ಗ್ಯಾರೇಜಿಗೆ ಹೋದ. ಗಾಡಿ ಎತ್ತರಿಸುವ ಸಾಮಾನೆಲ್ಲ ಅಲ್ಲಿ ಒಂದೇ ಪೆಟ್ಟಿಗೆಯಲ್ಲಿ ಬರುತ್ತದೆ. ಲಿಫ್ಟ್ ಕಿಟ್ ಅನ್ನುತ್ತಾರೆ. ಮೆಕ್ಯಾನಿಕ್ ಜಾಕ್ ಕೊಟ್ಟು ಚಕ್ರ ಬಿಚ್ಚಿದ. ಹಿಂದಿನ ಅಚ್ಚಿಗೂ ಕಮಾನು ಪಟ್ಟಿಗಳಿಗೂ ನಡುವೆ ಕಬ್ಬಿಣದ ದಿಮ್ಮಿ ಇಟ್ಟು ಉದ್ದನೆಯ ಬೋಲ್ಟು ಹಾಕಿ ಬಿಗಿದ. ಮುಂದಿನ ಸ್ಪ್ರಿಂಗಿನ ಮೇಲೆ ದಪ್ಪ ಬಿಲ್ಲೆ ಕೂರಿಸಿದ. ಶಾಕ್ ಅಬ್ಸಾರ್ಬರ್ ಬದಲಿಸಿದ. ಬ್ರೇಕಿನ ಪೈಪು ಗಿಡ್ಡವಾಯಿತೆಂದು ಉದ್ದನೆಯದು ತಂದು ಹಾಕಿದ. ದೊಡ್ಡ ಟೈರು ಏರಿಸಿದ. ಚೊಕ್ಕವಾದ ಕೆಲಸ. ಅದರಲ್ಲಿ ಒಂದು ಕುಂದೂ ಇರಲಿಲ್ಲ.

ಗಾಡಿ ಒಂದು ಗೇಣು ಮೇಲೆದ್ದಿತು.

"ಇನ್ನು ಯಾವ ಕಲ್ಲೂ ನಿಮ್ಮನ್ನ ಮುಟ್ಟಲ್ಲ ಸಾರ್," ಅಂದ ಮೆಕ್ಯಾನಿಕ್.

ವ್ಯಾಪಾರಿ ಹತ್ತಿ ಕೂತ. ಇಷ್ಟು ದಿನ ಕಾಣದ ಬೇಲಿಯಾಚೆಯ ಹೊಲ ಕಂಡಿತು. ಎದುರು ಬರುವವರ ಮುಖ ಕಾಣುತ್ತಿತ್ತು ಮೊದಲು. ಈಗ ನೆತ್ತಿ ಕಂಡಿತು. ಬಂಡೆ ಹತ್ತಿರ ಬಂದಾಗ ಹಳೆಯ ಅಭ್ಯಾಸದಿಂದ ಹಲ್ಲು ಕಚ್ಚಿದ. ಸದ್ದೇ ಇಲ್ಲ. ನಂಬಿಕೆಯಾಗದೆ ಹಿಂದಕ್ಕೆ ತೆಗೆದು ಇನ್ನೊಮ್ಮೆ ದಾಟಿದ. ಆಗಲೂ ಇಲ್ಲ. ಒಬ್ಬನೇ ನಕ್ಕ.

ಹೆಂಗಸರು ಗಾಡಿ ನೋಡಿ ನಿಂತರು.

"ಇದೇನ್ ಸಾವ್ಕಾರ, ಗಾಡಿ ತುದಿಗಾಲ್ಮೇಲೆ ನಿಂತೈತೆ? ಯಾರ ಮನೆ ಗೋಡೆ ಇಣುಕ್ತೈತೆ?"

ಎಲ್ಲರೂ ನಕ್ಕರು. ಅವನೂ ನಕ್ಕ.

ಮುಂದಿದ್ದವಳು ಹಲಗೆಯ ಬಳಿ ಬಂದು ಕತ್ತು ಬಾಗಿಸಿದಳು. ಬುಟ್ಟಿಯ ಅಂಚು ಹಲಗೆಯ ಕೆಳಗೆ ಗಾಡಿಯ ತಗಡಿಗೆ ಬಡಿಯಿತು. ಹಲಗೆ ಅವಳ ಬಾಗಿದ ತಲೆಗಿಂತ ಮೇಲಿತ್ತು. ಅವಳು ನಿಂತಳು. ಅವಳ ಹಿಂದೆ ಉಳಿದವರೆಲ್ಲ ತಲೆಯ ಮೇಲೆ ಭಾರ ಹೊತ್ತು ನಿಂತರು.

ವ್ಯಾಪಾರಿ ಗಾಡಿಯ ಹಿಂಬಾಗಿಲು ತೆಗೆದ. "ಇಲ್ಲಿಡ್ರವ್ವ."

"ತಲೆ ಮೇಲಿನ ಭಾರ ಹೆಗಲಮಟ್ಟಕ್ಕಾದ್ರೆ ನಾವೇ ಇಳಿಸ್ತೀವಿ," ಅಂದಳು ಬೋರಜ್ಜಿ. "ಸೊಂಟದಮಟ್ಟಕ್ಕೆ ಇಳಿಸ್ಬೇಕಾದ್ರೆ ಇನ್ನೊಬ್ರ ಕೈ ಬೇಕು."

ಅವನು ಕೆಳಗೆ ಹಾರಿ ಒಂದೊಂದೇ ಬುಟ್ಟಿಗೆ ಕೈ ಕೊಟ್ಟು ಇಳಿಸಿಕೊಳ್ಳತೊಡಗಿದ. ಒಬ್ಬನ ಕೈ. ಹೊರೆಗಲ್ಲಿನ ಮೇಲೆ ಎರಡೇ ಬುಟ್ಟಿಗೆ ಜಾಗ, ಅದೂ ತುಂಬಿತ್ತು. ಸಾಲು ಕರಗಲಿಲ್ಲ. ಹೊತ್ತು ನಡೆಯುವುದು ಕಷ್ಟವಲ್ಲ. ಹೊತ್ತು ನಿಲ್ಲುವುದು ಕಷ್ಟ. ಬೋರಜ್ಜಿಗೆ ಕಾಯಲಾಗಲಿಲ್ಲ. ಹಲಗೆಯ ಬಳಿ ಹೋಗಿ ಎರಡೂ ಕೈಯಿಂದ ಬುಟ್ಟಿಯನ್ನು ಮೇಲಕ್ಕೆ ಎತ್ತಿದಳು. ಅಂಚು ಹಲಗೆಗೆ ತಾಗಿತು. ಬುಟ್ಟಿ ಮಗುಚಿತು. ಹಣ್ಣು ಉರುಳಿ ನೆಲಕ್ಕೆ ಬಿದ್ದು ಬಾಯಿ ಬಿಟ್ಟವು. ಅವಳು ಕತ್ತು ಹಿಡಿದುಕೊಂಡು ಅಲ್ಲೇ ಕೂತಳು.

ವ್ಯಾಪಾರಿ ಗಾಬರಿಯಾದ. "ನಾಳೆ ಒಂದು ಮೆಟ್ಟಿಲು ತರ್ತೀನಿ ಅಜ್ಜಿ."

"ಬೆಟ್ಟ ಇಳಿದು ಬಂದಿದ್ದು ನಿನ್ನ ಮೆಟ್ಟಿಲು ಹತ್ತಾಕಾ?"

"ಹಲಗೆನಾದ್ರೂ ಕೆಳಗಿಳಿಸಿ ಬಡಿಸು," ಅಂದಳು ಇನ್ನೊಬ್ಬಳು.

ಬಡಿಸಬಹುದಿತ್ತು. ದೊಡ್ಡ ಟೈರು ಅಡ್ಡ ಬರುತ್ತದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ನಿಜವೆಂದರೆ ಹಲಗೆ ಇಳಿಬಿದ್ದರೆ ಗಾಡಿಯ ಚೆಂದ ಕೆಡುತ್ತಿತ್ತು.

ಮರುದಿನ ಮರದ ಮೆಟ್ಟಿಲು ತಂದಿಟ್ಟ. ಭಾರ ಹೊತ್ತು ಅದನ್ನು ಯಾರೂ ಹತ್ತಲಿಲ್ಲ. ದಿನ ಕಳೆದಂತೆ ಬುಟ್ಟಿ ಕಡಿಮೆಯಾದವು. ಒಂದು ದಿನ ಯಾರೂ ಬರಲಿಲ್ಲ. ಹಾರ್ನ್ ಒತ್ತಿದ. ಬೆಟ್ಟ ಸದ್ದನ್ನು ವಾಪಸ್ಸು ಕಳಿಸಿತು. ಇವರ ಕತ್ತಿನ ಕಸುವು ಹೋಗಿದೆ, ಮೈಗಳ್ಳತನ ಬಂದಿದೆ ಎಂದುಕೊಂಡ. ಹೋಗಲಿ, ಹಸಿವಾದರೆ ತಾವೇ ಬರುತ್ತಾರೆ ಎಂದು ಮನೆಯಲ್ಲಿ ಉಳಿದ.

ಬರಲಿಲ್ಲ. ಸಂತೆಯಲ್ಲಿ ನೋಡಿದರೆ ಅದೇ ಬೆಟ್ಟದ ಸೀತಾಫಲ ಇನ್ನೊಬ್ಬನ ಅಂಗಡಿಯಲ್ಲಿತ್ತು. ಒಂದು ಹಣ್ಣೂ ಒಡೆದಿರಲಿಲ್ಲ.

ವ್ಯಾಪಾರಿ ಗಾಡಿ ತೆಗೆದು ಬೆಟ್ಟದ ದಾರಿ ಹಿಡಿದ. ಬಂಡೆಯ ಜಾಗ ಬಂತು. ಬಂಡೆ ಇರಲಿಲ್ಲ. ಹಸಿಮಣ್ಣು ತುಂಬಿ ತುಳಿದ ಗುರುತು ಇತ್ತು. ಅವನು ಇಳಿದು ಕಾಲಿನಿಂದ ಒತ್ತಿ ನೋಡಿದ. ಮಣ್ಣು ಗಟ್ಟಿಯಾಗಿತ್ತು.

ಮುಂದೆ ಹೊರೆಗಲ್ಲಿನ ಬಳಿ ಒಂದು ಪಿಕಪ್ ನಿಂತಿತ್ತು. ಅವನದೇ ಥರದ ಗಾಡಿ, ಎತ್ತರಿಸದೆ ಇದ್ದದ್ದು. ಬದಿಯಲ್ಲಿ ಚಪ್ಪಡಿಯ ಮಟ್ಟಕ್ಕೆ ಹೊಸ ಹಲಗೆ. ಹೆಂಗಸರು ಬಂದು ಕತ್ತು ಬಾಗಿಸುತ್ತಿದ್ದರು, ಬುಟ್ಟಿ ಜಾರುತ್ತಿತ್ತು. ಬೋರಜ್ಜಿ ಕತ್ತಿಗೆ ಬಟ್ಟೆ ಸುತ್ತಿಕೊಂಡು ನೆರಳಲ್ಲಿ ಕೂತು ಹಣ್ಣಿನ ಎಲೆ ಬಿಡಿಸುತ್ತಿದ್ದಳು. ಆ ಕತ್ತು ಮತ್ತೆ ಹೊರೆ ಹೊರುವ ಹಾಗಿರಲಿಲ್ಲ.

ವ್ಯಾಪಾರಿ ಅವಳನ್ನು ಕೇಳಿದ. "ಬಂಡೆ ಯಾರು ಕಿತ್ತರು ಅಜ್ಜಿ?"

"ಇವ್ರೇ ಎಲ್ಲಾ ಸೇರಿ. ಈ ಹೊಸ ಸಾವ್ಕಾರನೂ ಹಾರೆ ಹಿಡ್ದ. ಒಂದು ಹೊತ್ತೂ ಹಿಡೀಲಿಲ್ಲ." ಅವಳು ಒಂದು ಎಲೆ ಕಿತ್ತು ಬಿಸಾಡಿದಳು. "ಅದಕ್ಕೆ ಬೇರಿರ್ಲಿಲ್ಲ ಕಣಪ್ಪ."

ವ್ಯಾಪಾರಿ ಗಾಡಿ ತಿರುಗಿಸಿದ. ದಾರಿ ಸಪಾಟಾಗಿತ್ತು. ಅದರ ಮೇಲೆ ಅವನ ಎತ್ತರಕ್ಕೆ ಏನೂ ಕೆಲಸವಿರಲಿಲ್ಲ. ಸೀತಾಫಲದ ಕಾಲ ಮುಗಿಯುವ ತನಕ ಅವನ ಗಾಡಿ ಖಾಲಿ ನಿಂತಿತ್ತು.

ಗುರುಗಳು ಎಲೆಗೆ ಕೊನೆಯ ಕಡ್ಡಿ ಚುಚ್ಚಿ ಪಕ್ಕಕ್ಕಿಟ್ಟರು.

ಶಿಷ್ಯ ಕೇಳಿದ. "ಹಾಗಾದರೆ ಎತ್ತರ ಬೆಳೆಯುವುದೇ ತಪ್ಪೇ, ಬುದ್ಧಿ?"

"ಹೊರೆಗಲ್ಲು ನೆಟ್ಟವನು ಆ ಸೀಮೆಗೇ ಎತ್ತರದ ಆಳಂತೆ, ತಮ್ಮಾ. ಕಲ್ಲಿಗೆ ಅವನು ಅಳೆದದ್ದು ತನ್ನ ಹೆಗಲನ್ನಲ್ಲ."

ಶಿಷ್ಯ ಎದ್ದು ಮೂಲೆಯ ಚಾಪೆಗಳ ಸುರುಳಿ ಬಿಚ್ಚಿ ಹಾಸಿದ. ದೊಡ್ಡ ಊರಿಗೆ ಹೋಗಲಿಲ್ಲ.